ಅಟ್ಟದ ಮೇಲಿನ ಬಜೆಟ್ಟು

ಅರಸೀಕೆರೆ ಸೀಮೆಯ ಅಪ್ಪಂದಿರ ದುಡ್ಡು ಬ್ಯಾಂಕಿನಲ್ಲಿರುವುದಿಲ್ಲ, ಅಟ್ಟದ ಮೇಲಿರುತ್ತದೆ. ಅಟ್ಟಕ್ಕೇರಿಸಿದ ತೆಂಗಿನಕಾಯಿಯ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಆಮೇಲೂ ಮಾರುವ ಆತುರವಿಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿದಾಗಲೂ ನಮ್ಮಪ್ಪ, ‘ತಡಿ, ಇನ್ನೂ ಏರ್ತದೆ’ ಎಂದು ಅಟ್ಟದ ಕಡೆ ನೋಡಿದರು. ಇಂಥವರಿಗೆ, ಒಂದನೇ ತಾರೀಕು ಬಂದ ಸಂಬಳ ಬೆಂಗಳೂರಿನಲ್ಲಿ ಐದನೇ ತಾರೀಕಿಗೇ ಬಾಡಿಗೆ, ಇಎಂಐ ಎಂದು ಆವಿಯಾಗುತ್ತದೆಂದು ಹೇಗೆ ಹೇಳುವುದು?

ಸಂಬಳವೆಷ್ಟು ಎಂದು ಅಪ್ಪ ಕೇಳುವುದಿಲ್ಲ. ಅದು ಮರ್ಯಾದೆಯಲ್ಲವಂತೆ. ‘ಎಷ್ಟು ಉಳೀತು?’ ಎಂದು ಕೇಳುತ್ತಾರೆ, ಅದು ಮರ್ಯಾದೆ. ಕ್ರೆಡಿಟ್ ಕಾರ್ಡಿನ ಮಹಿಮೆಯನ್ನು ನಾನು ಅರ್ಧ ಗಂಟೆ ವಿವರಿಸಿದ ಮೇಲೆ, ‘ಓ, ಅಂಗಡಿ ಸಾಲ’ ಎಂದು ಎದ್ದುಹೋದರು. ಫ್ಲಾಟ್ ಕೊಳ್ಳುವ ಮಾತೆತ್ತಿದ್ದಕ್ಕೆ ಹಳೇಬೀಡನ್ನೇ ಸಾಕ್ಷಿಗೆ ಕರೆದರು: ‘ಹೊಯ್ಸಳೇಶ್ವರನ ಗುಡೀಲಿ ಇವತ್ತಿಗೂ ಶಿಖರ ಇಲ್ಲ. ರಾಜರ ಕಾಲದ್ದೇ ಹಿಂಗೆ. ನೀನು ಸಾಲ ತಗಂಡು ಮೂರನೇ ಮಾಳಿಗೆ ಮನೆ ಮುಗಿಸ್ತೀಯೇನ್ಲಾ?’

ನನಗೆ ಬೇಲೂರೇ ಮೇಲು. 1117ರ ಆ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ಇಬ್ಬರೂ ಕೆತ್ತಿದ್ದಾರೆ. ಅಪ್ಪನ ಶಿಲ್ಪದ ಕೆಳಗೆ ಅಪ್ಪನ ಹೆಸರು, ಮಗನದರ ಕೆಳಗೆ ಮಗನದು. ಪರಊರಿನಲ್ಲಿ ಇಬ್ಬರ ಊಟದ ಖರ್ಚು ಯಾರ ಲೆಕ್ಕಕ್ಕೆ ಬಿತ್ತೆಂದು ಮಾತ್ರ ಕೆತ್ತಿಲ್ಲ. ಬುದ್ಧಿವಂತರು.

ನಮ್ಮ ಮನೆಯಲ್ಲಿ ತಿಂಗಳ ವರಮಾನ ಎನ್ನುವುದಿದ್ದರೆ ಅದು ಅಮ್ಮನದು: ಗೃಹಲಕ್ಷ್ಮಿಯ 2,000 ರೂಪಾಯಿ. ಅದೂ ಒಂದೊಂದು ತಿಂಗಳು ತಡ ಮಾಡುತ್ತದೆ. ಆಗ ಅಮ್ಮ ಸರ್ಕಾರವನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾರೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ನನ್ನ ಬಜೆಟ್ಟಿಗೆ ಅನಿರೀಕ್ಷಿತ ತಪಾಸಣೆ ಶುರುವಾಯಿತು. ಅಮ್ಮನಿಗೆ ಟಿಕೆಟ್ಟಿಲ್ಲ, ಕಾಯಿ ಚೀಲಕ್ಕೆ ಉಂಟು. ಬಂದವರು ನೀರನ್ನೂ ಕುಡಿಯದೆ ಕಸದ ಬುಟ್ಟಿ ನೋಡುತ್ತಾರೆ. ಅಲ್ಲಿ ಬಿರಿಯಾನಿಯ ಡಬ್ಬ ಕಂಡರೆ, ‘ಮನೇಲಿ ರಾಗಿಹಿಟ್ಟು ಹುಳ ಹಿಡೀತಾ ಕೂತದೆ, ಇದಕ್ಕೆಷ್ಟು ಕೊಟ್ಟೆ?’ ನಾನು ಹೇಳುವುದು ಯಾವಾಗಲೂ ಅರ್ಧ ಬೆಲೆ. ಅದಕ್ಕೂ ಅವರು ಹೌಹಾರುತ್ತಾರೆ.

ಪ್ರತಿ ತಿಂಗಳು ಅಮ್ಮನ ಖಾತೆಗೆ ಒಂದಿಷ್ಟು ಹಾಕುತ್ತೇನೆ. ಮನೆ ಖರ್ಚಿಗೆ ಆಗುತ್ತಿದೆಯೆಂದುಕೊಂಡಿದ್ದೆ. ಮೊನ್ನೆ ಬಾಡಿಗೆ ಮನೆ ಬದಲಿಸಲು ಅಡ್ವಾನ್ಸ್ ಸಾಲದೆ ಊರಿಗೆ ಫೋನ್ ಮಾಡಿದೆ. ಅಪ್ಪ ಅಟ್ಟ ತೋರಿಸಿದರು, ಫೋನಿನಲ್ಲೇ. ಅಮ್ಮ ಮಾತ್ರ, ‘ಸಂಘದಲ್ಲಿ ಕೊಡಿಸ್ತೀನಿ ಮಗ, ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದರು. ನಾನು ಕಳಿಸಿದ್ದೆಲ್ಲ ಅವರ ಸ್ತ್ರೀಶಕ್ತಿ ಸಂಘದ ಉಳಿತಾಯಕ್ಕೆ ಸೇರಿತ್ತು. ನನ್ನದೇ ದುಡ್ಡಿಗೆ ನಾನೇ ಬಡ್ಡಿ ಕಟ್ಟಬೇಕೇ ಎಂದು ರೇಗಿದರೆ, ‘ಸಂಘ ಅಂದ್ಮೇಲೆ ರೂಲ್ಸು ಎಲ್ರಿಗೂ ಒಂದೇ’ ಎಂದು ಫೋನಿಟ್ಟರು.

ಕಂತು ಕಟ್ಟುತ್ತಿದ್ದೇನೆ. ಊರಿಗೆ ದುಡ್ಡು ಕಳಿಸುವವರು ನೀವೂ ಆಗಿದ್ದರೆ, ಬಡ್ಡಿ ದರ ಮೊದಲೇ ಮಾತಾಡಿಕೊಳ್ಳಿ.