ಹವ್ಯಾಸ-ವಾಣಿಜ್ಯ-ಸಂಕ್ರಮಣ ಮೀಮಾಂಸೆ

ಉತ್ಸಾಹವೆಂಬುದು ಭರತಮುನಿಯ ಮತದಲ್ಲಿ ವೀರರಸಕ್ಕೆ ಸ್ಥಾಯಿಭಾವ. ಮಿಶಿಗನ್ ಸಂಸ್ಥಾನದ ಸ್ಟರ್ಲಿಂಗ್ ಹೈಟ್ಸ್ ನಗರದಲ್ಲಿ ಶನಿವಾರ ಬೆಳಗಿನ ಹೊತ್ತು ಉಚಿತ ಕಾಫಿಯೊಡನೆ ಪಾಠ ಹೇಳುವ ಉದ್ಯಮೋಪದೇಶಕರ ಮತದಲ್ಲಾದರೋ ಅದು ಮಾರಾಟಕ್ಕೆ ಸ್ಥಾಯಿಭಾವ. ಈ ಎರಡು ಮತಗಳನ್ನೂ ಸಮನ್ವಯಗೊಳಿಸಿ, ಹವ್ಯಾಸವು ವಾಣಿಜ್ಯವಾಗಿ ಪರಿಣಮಿಸುವ ಕಾಲದಲ್ಲಿ ಉತ್ಸಾಹದ ಗತಿ ಏನಾಗುವುದೆಂಬುದನ್ನು ಸಪ್ರಮಾಣವಾಗಿ ನಿರೂಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ಹೇಳಿಬಿಡುವುದು ಶಾಸ್ತ್ರಕಾರರ ಸಂಪ್ರದಾಯ. ಇಲ್ಲಿ ವಿಷಯವು ಹತ್ತಿ. ಪ್ರಯೋಜನವು ಸಂದಿಗ್ಧ. ಸಂಬಂಧವು ಮಾವ-ಸೊಸೆಯರದು. ಅಧಿಕಾರಿಗಳು ಯಾರೆಂದರೆ, ಪರರ ಮನೆಯ ಹಬ್ಬಕ್ಕೆ ಹೋಗಿ, ಅಲ್ಲಿನ ಕೈಕೆಲಸವನ್ನು ಕಂಡು, ಬಾಯಲ್ಲಿ ಹೋಳಿಗೆಯಿರುವಂತೆಯೇ "ಇದನ್ನ ನೀವು ಮಾರ್ಬೇಕು ಕಣ್ರೀ" ಎಂದು ಒಮ್ಮೆಯಾದರೂ ನುಡಿದಿರುವ ಸಕಲರೂ.

ಕ್ಷೇತ್ರನಿರ್ದೇಶವನ್ನೂ ಮಾಡಬೇಕಷ್ಟೆ. ಪಶ್ಚಿಮಕ್ಕೆ ಡಿಕ್ವಿಂಡರ್ ರಸ್ತೆ, ದಕ್ಷಿಣಕ್ಕೆ ಹದಿನಾಲ್ಕನೆಯ ಮೈಲಿ ರಸ್ತೆ, ಉತ್ತರಕ್ಕೆ ಹಾಲ್ ರಸ್ತೆ, ಇವುಗಳ ನಡುವೆ ಹಬ್ಬಿಕೊಂಡು, 1968ರಲ್ಲಿ ನಗರವೆಂಬ ಪಟ್ಟವನ್ನು ಪಡೆದು, ಈಗ 1,30,000ಕ್ಕೂ ಮಿಕ್ಕ ಜನರಿಗೆ ಆಶ್ರಯವಾಗಿರುವ ಈ ಊರು ಕಬ್ಬಿಣದ ಊರು. ಮೌಂಡ್ ರಸ್ತೆಯಲ್ಲಿ ಫೋರ್ಡ್ ಕಂಪನಿಯವರು ಗಾಡಿಗಳ ಆಕ್ಸಲ್ಲುಗಳನ್ನು ಮಾಡುತ್ತಾರೆ. ವ್ಯಾನ್ ಡೈಕ್ ರಸ್ತೆಯಲ್ಲಿ ರಾಮ್ ಟ್ರಕ್ಕುಗಳ ಜೋಡಣೆ ನಡೆಯುತ್ತದೆ. ಇಂಥ ಊರಿನ ಒಂದು ಮನೆಯ ಊಟದ ಮೇಜಿನ ಮೇಲೆ ನನ್ನ ಸೊಸೆ ಗೆಜ್ಜೆವಸ್ತ್ರವನ್ನೂ ಹತ್ತಿಹಾರವನ್ನೂ ಮಾಡುತ್ತಾಳೆ. ಹಿಂಜಿದ ಹತ್ತಿಯನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಹಾಲಿಗೆ ಸೋಕಿಸಿ, ಎಳೆಯನ್ನು ಹೊಸೆಯುತ್ತ, ಗೇಣಿಗಿಷ್ಟೆಂದು ಲೆಕ್ಕವಿಟ್ಟು ಹತ್ತಿಯನ್ನು ಹೊಸೆಯದೆ ಉಬ್ಬಿದಂತೆಯೇ ಬಿಟ್ಟರೆ ಅದು ಗೆಜ್ಜೆ. ಅದರ ನೆತ್ತಿಗೆ ಕಡ್ಡಿಯ ತುದಿಯಿಂದ ಕುಂಕುಮದ ಒಂದು ಚುಕ್ಕಿ. ಹಾಲು ಹೆಚ್ಚಾದರೆ ಗೆಜ್ಜೆ ಕುಗ್ಗಿ ಗಂಟಾಗುತ್ತದೆ, ಕಡಿಮೆಯಾದರೆ ಎಳೆ ಬಿಚ್ಚಿಕೊಳ್ಳುತ್ತದೆ. ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ ಬಂದ ಹತ್ತಿ ಮುಗಿದ ಮೇಲೆ ಔಷಧದಂಗಡಿಯ ಸುರುಳಿಯೇ ಗತಿ. ಅದು ಮಾತು ಕೇಳುವುದಿಲ್ಲವೆಂದು ಅವಳು ಗೊಣಗುವುದುಂಟು. ತನ್ನ ಅಜ್ಜಿಯಿಂದ ಕಲಿತ ಈ ವಿದ್ಯೆಯನ್ನು ಅವಳು ಬಹುಕಾಲ ಯಾವ ಉದ್ದೇಶವೂ ಇಲ್ಲದೆ, ಮಕ್ಕಳು ಮಲಗಿದ ಮೇಲೆ, ರೇಡಿಯೋ ಕೇಳುವವರು ರೇಡಿಯೋ ಕೇಳುವ ಹಾಗೆ, ಆಚರಿಸುತ್ತಿದ್ದಳು.

ಆಮೇಲೆ ಅದು ಉದ್ಯಮವಾಯಿತು. ನಾಟ್ಯಶಾಸ್ತ್ರದಲ್ಲಿ ಕಾರ್ಯವೊಂದಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳು ಉಕ್ತವಾಗಿರುವುದರಿಂದ ಈ ಪರಿಣಾಮವನ್ನೂ ಆ ಕ್ರಮದಲ್ಲೇ ವಿವೇಚಿಸುವುದು ಯುಕ್ತ. ಆರಂಭಾವಸ್ಥೆಯ ಲಕ್ಷಣವು ಪ್ರಶಂಸೆ. ಇದರಲ್ಲಿ ಕೊಟ್ಟವಳಿಗೂ ಸಂತೋಷ, ಪಡೆದವರಿಗೂ ಸಂತೋಷ. ಆದ್ದರಿಂದ ಉದ್ಯಮೋಪದೇಶಕರು ಇದನ್ನು ಶೈಶವದೋಷವೆಂದು ಗಣಿಸಿದ್ದಾರೆ. ಯತ್ನಾವಸ್ಥೆಯು ನಾಮಯತ್ನ, ಚಿಹ್ನಯತ್ನ, ಛಾಯಾಚಿತ್ರಯತ್ನವೆಂದು ತ್ರಿವಿಧ. ಮೂರನೆಯದರಲ್ಲಿ ಹಾರವನ್ನು ಹಿತ್ತಾಳೆಯ ತಟ್ಟೆಯಲ್ಲಿಟ್ಟು ಪಕ್ಕದಲ್ಲಿ ಕಾಫಿಯ ಲೋಟವನ್ನಿಟ್ಟು ಚಿತ್ರ ತೆಗೆಯತಕ್ಕದ್ದು. ದೇವರ ಹಾರಕ್ಕೂ ಕಾಫಿಗೂ ಏನು ಸಂಬಂಧವೆಂದು ನಾನು ವಿಚಾರಿಸಲಾಗಿ, "ಮಾವ, ಅದು ವೈಬ್" ಎಂಬ ಸಮಾಧಾನ ದೊರೆಯಿತು. ವೈಬೆಂಬುದು ವೈಶೇಷಿಕರ ಸಪ್ತಪದಾರ್ಥಗಳಲ್ಲಿ ಯಾವುದರಲ್ಲಿ ಅಂತರ್ಭವಿಸುವುದೆಂಬುದನ್ನು ವಿದ್ವಾಂಸರು ನಿರ್ಣಯಿಸಲಿ. ಅಭಾವದಲ್ಲಿ ಎಂದು ನನ್ನ ಮತ.

ಪ್ರಾಪ್ತ್ಯಾಶೆಯೆಂದರೆ ಆರ್ಡರುಗಳು ಬರತೊಡಗುವುದು. ಇಲ್ಲಿಂದ ಮುಂದೆ ಉತ್ಸಾಹವು ಸ್ಥಾಯಿಯಾಗಿ ಉಳಿಯದೆ, ಮೂವತ್ತಮೂರು ವ್ಯಭಿಚಾರಿಭಾವಗಳು ಒಂದರ ಹಿಂದೊಂದು ಒಳಹೊಕ್ಕು ಮನೆಯನ್ನೇ ಆಕ್ರಮಿಸುವುದನ್ನು ಕಾಣಬಹುದು. ಹತ್ತಿ ಮುಗಿದಾಗ ಚಿಂತೆ. ಹಣ ಕಳಿಸಿದೆವೆಂದವರ ಹಣವು ಫೋನಿನಲ್ಲಿ ಕಾಣಿಸದಿದ್ದಾಗ ಶಂಕೆ. ಅದನ್ನು ಜ್ಞಾಪಿಸಲು ಹೊರಟಾಗ ದೈನ್ಯ. ಅದೇ ತಾವರೆಯ ಮಾದರಿಯನ್ನು ಮತ್ತೆ ಮತ್ತೆ ಮಾಡುವಾಗ ಶ್ರಮ, ಗ್ಲಾನಿ. ಶ್ರಾವಣ ಕಳೆಯುವ ಹೊತ್ತಿಗೆ ನಿರ್ವೇದ. ನಿದ್ರೆಯನ್ನೂ ಪೂರ್ವಾಚಾರ್ಯರು ಈ ಪಟ್ಟಿಯಲ್ಲಿ ಸೇರಿಸಿದ್ದಾರೆ. ನಮ್ಮ ಪ್ರಯೋಗದಲ್ಲಿ ಅದೊಂದು ಮಾತ್ರ ಕಂಡುಬರಲಿಲ್ಲ. ಉಳಿದ ಎರಡು ಅವಸ್ಥೆಗಳನ್ನು ಮುಂದಿನ ಸಂಪುಟಕ್ಕೆ ಬಿಟ್ಟಿದೆ. ನಿಜ ಹೇಳಬೇಕಾದರೆ ಈ ವಿಂಗಡಣೆಯ ವ್ಯಾಯಾಮ ನನಗೇ ಸಾಕಾಗಿದೆ.

ಈ ಘಟ್ಟದಲ್ಲಿಯೇ ಉಪದೇಶಕರ ಪ್ರವೇಶ. ಪ್ಯಾಶನ್ನನ್ನು ಜೀವಂತವಾಗಿ ಉಳಿಸಿಕೊಳ್ಳುವುದು ಹೇಗೆಂಬ ಉಪನ್ಯಾಸಕ್ಕೆ ಸೊಸೆ ಹೊರಟಾಗ, ಕಾರಿನಲ್ಲಿ ಸ್ಥಳವಿದ್ದುದರಿಂದ ನಾನೂ ಹೋದೆನು. ಒಂದರೊಳಗೊಂದು ಸೇರಿದ ಮೂರು ವೃತ್ತಗಳನ್ನು ಪರದೆಯ ಮೇಲೆ ತೋರಿಸಿ, ನಟ್ಟನಡುವಣ ಬಿಂದುವಿನಲ್ಲಿ ನೆಲೆಸಿರೆಂದು ಆ ಮಹಾನುಭಾವರು ಅಪ್ಪಣೆ ಕೊಡಿಸಿದರು. ಶ್ರೀಚಕ್ರಕ್ಕೂ ಬಿಂದುವುಂಟು, ಆದರೆ ಅದರ ಉಪಾಸಕರಿಗೆ ಮುಂದಿನ ತರಗತಿಗೆ ಶುಲ್ಕ ಕಟ್ಟಿರೆಂದು ಯಾರೂ ಹೇಳುವುದಿಲ್ಲ. ಮಾರುಕಟ್ಟೆ ಕೈಬಿಟ್ಟರೆ ಅದಕ್ಕೆ ಕಾರಣ ಮಾಡುವವನ ಪ್ಯಾಶನ್ ಕುಂದಿದ್ದೇ ಎಂಬುದು ಅವರ ಸಿದ್ಧಾಂತ. ಈ ಊರಿನ ಅತಿ ದೊಡ್ಡ ಮಾರುಕಟ್ಟೆಯಾಗಿದ್ದ ಲೇಕ್‌ಸೈಡ್ ಮಾಲು 1976ರಲ್ಲಿ ತೆರೆದು 2024ರಲ್ಲಿ ಮುಚ್ಚಿತು. ಅದರ ಪ್ಯಾಶನ್ ಏನಾಯಿತೆಂದು ಅದನ್ನು ಯಾರೂ ಕರೆದು ಕೇಳಿದ ಹಾಗಿಲ್ಲ.

ಉಪದೇಶಕರಿಗಿಂತ ಇಲ್ಲಿನ ತೆರಿಗೆಯವರು ಎಷ್ಟೋ ಮೇಲು. ಅಮೆರಿಕದ ಆಂತರಿಕ ವರಮಾನ ಸಂಹಿತೆಯ 183ನೆಯ ಪ್ರಕರಣವು, 1969ರ ಸುಧಾರಣೆಯಲ್ಲಿ ಹುಟ್ಟಿದ್ದು, ನಾವು ಹುಡುಕುತ್ತಿರುವ ಭೇದವನ್ನೇ ಕುರಿತದ್ದಾಗಿದೆ: ಯಾವುದು ಹವ್ಯಾಸ, ಯಾವುದು ವ್ಯಾಪಾರ? ಐದು ವರ್ಷಗಳಲ್ಲಿ ಮೂರು ವರ್ಷ ಲಾಭ ಬಂದರೆ ವ್ಯಾಪಾರವೆಂದು ಊಹಿಸತಕ್ಕದ್ದು. ಕುದುರೆ ಸಾಕುವವರಿಗೆ ಮಾತ್ರ ಏಳರಲ್ಲಿ ಎರಡು ವರ್ಷ ಬಂದರೆ ಸಾಕು. ಕುದುರೆಗೆ ದೊರೆತ ಈ ದಾಕ್ಷಿಣ್ಯ ಹತ್ತಿಗೇಕೆ ದೊರೆಯಲಿಲ್ಲವೆಂಬುದು ಬೇರೆ ಮಾತು. ಈ ಊಹೆ ಅನ್ವಯಿಸದ ಕಡೆ ತೂಗಿ ನೋಡಲು ನಿಯಮಗಳಲ್ಲಿ ಒಂಬತ್ತು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಒಂಬತ್ತನೆಯದು, ಕರ್ತೃವಿಗೆ ಆ ಕೆಲಸದಲ್ಲಿ ದೊರೆಯುವ ಸುಖ ಅಥವಾ ವಿನೋದ. ಅದೊಂದರಿಂದಲೇ ಕೆಲಸವು ಹವ್ಯಾಸವೆಂದು ತೀರ್ಮಾನಿಸಬಾರದೆಂಬ ಔದಾರ್ಯವೂ ಅಲ್ಲಿಯೇ ಇದೆಯೆಂಬುದು ದಿಟ. ಆದರೂ ತತ್ತ್ವ ಸ್ಪಷ್ಟ: ಆನಂದವು ತಕ್ಕಡಿಯಲ್ಲಿ ಕರ್ತೃವಿನ ವಿರುದ್ಧ ಬೀಳುವ ತೂಕ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟನು ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಹೇಳುವಾಗ ಕೀರ್ತಿಯ ಬೆನ್ನಿಗೇ ಧನವನ್ನಿಟ್ಟು, ತಕ್ಷಣದ ಪರಮಾನಂದವನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದನು. ಎರಡಕ್ಕೂ ಒಂದೇ ಎಲೆಯಲ್ಲಿ ಬಡಿಸಲು ಅವನಿಗೆ ಸಂಕೋಚವಾಗಲಿಲ್ಲ. ಡೆಟ್ರಾಯಿಟ್ ಸೀಮೆಯ ಕನ್ನಡಿಗರು ತಮ್ಮ ಕೂಟಕ್ಕೆ ಪಂಪನ ಹೆಸರನ್ನಿಟ್ಟುಕೊಂಡಿದ್ದಾರೆ. ಆ ಪಂಪನಿಗೆ ವಿಕ್ರಮಾರ್ಜುನ ವಿಜಯಕ್ಕಾಗಿ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂದು, ಕವಿಯ ತಮ್ಮ ಜಿನವಲ್ಲಭನು ಬರೆಸಿದ ಕುರ್ಕ್ಯಾಲದ ಶಾಸನ ಹೇಳುತ್ತದೆ. ನಿನಗಿದು ಪ್ಯಾಶನ್ನಲ್ಲವೇ, ಊರೇಕೆ, ಒಂದು ಶಾಲು ಸಾಲದೇ ಎಂದು ದೊರೆ ಕೇಳಿದನೆಂದು ಯಾವ ಶಾಸನದಲ್ಲಿಯೂ ಇಲ್ಲ.

ಇನ್ನು ದೃಷ್ಟಾಂತ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರನಾಗಿದ್ದ ಹೆನ್ರಿ ಫೋರ್ಡನು ಡೆಟ್ರಾಯಿಟಿನ ಬ್ಯಾಗ್ಲಿ ಬೀದಿಯ ಬಾಡಿಗೆಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಕೆಲಸ ಮುಗಿದ ರಾತ್ರಿಗಳಲ್ಲಿ, ನಾಲ್ಕು ಗಾಲಿಯ ಯಂತ್ರವೊಂದನ್ನು ಕಟ್ಟಿ, 1896ರ ಜೂನ್ ತಿಂಗಳಲ್ಲಿ ಹೊರಗೆ ತರಲು ಹೋದಾಗ ಬಾಗಿಲಿನ ಅಗಲ ಸಾಲಲಿಲ್ಲ. ಕೊಡಲಿ ತೆಗೆದುಕೊಂಡು ಗೋಡೆಯ ಇಟ್ಟಿಗೆಗಳನ್ನೇ ಒಡೆದನು. ಬಾಗಿಲನ್ನು ಅಳೆಯದೆ ಗಾಡಿ ಕಟ್ಟುವವನೇ ನಿಜವಾದ ಹವ್ಯಾಸಿ. ಆ ಗಾಡಿಯನ್ನು 200 ಡಾಲರಿಗೆ ಮಾರಿ ಮುಂದಿನದನ್ನು ಕಟ್ಟಲು ಕುಳಿತನು. 1899ರಲ್ಲಿ ಸೇರಿದ ಮೊದಲ ಕಂಪನಿ ಮುಳುಗಿತು, 1903ರದು ನಿಂತಿತು, 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಗಾಡಿಯೇ ಕೆಲಸಗಾರನ ಬಳಿಗೆ ತೇಲಿಬರುವ ಸಾಲು ಏರ್ಪಟ್ಟಿತು. ಒಬ್ಬನು ತಿರುಪನ್ನಿಟ್ಟನು, ಮತ್ತೊಬ್ಬನು ಬಿಗಿದನು, ಇಡೀ ಗಾಡಿಯನ್ನು ಯಾರೂ ಮಾಡಲಿಲ್ಲ. ಆ ವರ್ಷ ಬಂದವರು ಬಂದ ಹಾಗೇ ಕೆಲಸ ಬಿಟ್ಟು ಓಡಿಹೋಗುತ್ತಿದ್ದರು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಎಂದು ಸಾರಿದ ಮೇಲೆಯೇ ಜನ ನಿಂತದ್ದು. ಕೆಲಸದಿಂದ ಸುಖವನ್ನು ಕಿತ್ತುಕೊಂಡರೆ ಅದರ ಬೆಲೆ ಎಷ್ಟೆಂದು ಫೋರ್ಡನಿಗೆ ತಿಳಿದಿತ್ತು, ಮತ್ತು ಅವನು ಅದನ್ನು ಕೊಟ್ಟನು. ಇಷ್ಟೆಲ್ಲ ಆದ ಮೇಲೆ ಈ ಮಹಾಶಯನು ಮುದಿವಯಸ್ಸಿನಲ್ಲಿ ಏನು ಮಾಡಿದನು? ಹಳ್ಳಿಯ ಪಿಟೀಲುಗಾರರನ್ನು ಕರೆಸಿ, ನೃತ್ಯದ ಉಪಾಧ್ಯಾಯನೊಬ್ಬನನ್ನು ಡಿಯರ್‌ಬಾರ್ನಿನಲ್ಲಿ ನೆಲೆಗೊಳಿಸಿ, ಹಳೆಯ ಕಾಲದ ಕುಣಿತಗಳನ್ನು ಕಲಿತು, ತನ್ನ ಅಧಿಕಾರಿಗಳನ್ನೂ ಕುಣಿಸಿದನು. ಒಂದು ಹವ್ಯಾಸ ಕೈತಪ್ಪಿತು, ಮತ್ತೊಂದನ್ನು ಕೊಂಡುಕೊಂಡನು.

ಬೆರ್ರಿ ಗಾರ್ಡಿಯದು ಇದಕ್ಕೆ ವಿಲೋಮ. ಅವನು ತಾನು ಪ್ರೀತಿಸುತ್ತಿದ್ದ ಜಾಝ್ ಸಂಗೀತದ ತಟ್ಟೆಗಳನ್ನು ಮಾರುವ ಅಂಗಡಿಯಿಟ್ಟನು, ಬಂದ ಗಿರಾಕಿಗಳು ಬ್ಲೂಸ್ ಕೇಳಿದರು, ಅಂಗಡಿ ಮುಚ್ಚಿತು. ಆಮೇಲೆ ಲಿಂಕನ್-ಮರ್ಕ್ಯುರಿ ಕಾರ್ಖಾನೆಯ ಸಾಲಿನಲ್ಲಿ ನಿಂತು ದುಡಿದು, 1959ರಲ್ಲಿ ಮನೆಯವರ ಉಳಿತಾಯದಿಂದ 800 ಡಾಲರ್ ಸಾಲ ಪಡೆದು, ಆ ಸಾಲಿನ ಮರ್ಮವನ್ನೇ ಹಾಡಿಗೆ ಅನ್ವಯಿಸಿ ಮೋಟೌನ್ ಎಂಬ ಹಾಡುತಟ್ಟೆಗಳ ಕಂಪನಿಯನ್ನು ಕಟ್ಟಿದನು. ಹಾಡುಗಳು ಸೊಗಸಾಗಿಯೇ ಇದ್ದವು. ಪ್ಯಾಶನ್ ಇದ್ದಾಗ ಅಂಗಡಿ ಮುಳುಗಿತು, ಗಿರಾಕಿಯನ್ನು ತಿಳಿದಾಗ ತೇಲಿತು ಎಂಬುದನ್ನು ನಮ್ಮ ಉಪದೇಶಕರು ಯಾವ ವೃತ್ತದೊಳಗೆ ಬರೆಯುವರೋ ಕಾಣೆ.

ಈಗ ನನ್ನ ಪೂರ್ವಪಕ್ಷ, ಸಿದ್ಧಾಂತಗಳನ್ನು ಪಕ್ಕಕ್ಕಿಟ್ಟು ಒಂದು ಮಾತು ಹೇಳುತ್ತೇನೆ. ಹಣ ತೆಗೆದುಕೊಂಡದ್ದರಿಂದ ನನ್ನ ಸೊಸೆಯ ಉತ್ಸಾಹ ಸಾಯಲಿಲ್ಲ. ಹಣ ಬಂದ ದಿನ ಅವಳ ಮುಖ ನೋಡಿದವನು ನಾನು. ಅದನ್ನು ಕೊಲ್ಲುತ್ತಿರುವುದು "ನಿಮಗಿದು ಪ್ಯಾಶನ್ ಅಲ್ವಾ ಅಕ್ಕಾ" ಎಂಬ ನುಡಿ. ಹೀಗೆನ್ನುವವರೇ ಹಬ್ಬದ ಸಮಾರಂಭಕ್ಕೆ ಸಭಾಂಗಣದವನು ಹೇಳಿದ ಬಾಡಿಗೆಯನ್ನು ತುಟಿಪಿಟಕ್ಕೆನ್ನದೆ ಕಟ್ಟುತ್ತಾರೆ. ಧ್ವನಿವರ್ಧಕದವನಿಗೆ ಮುಂಗಡ ಕೊಡುತ್ತಾರೆ. ವೇದಿಕೆಯ ದೇವಿಗೆ ಆಳೆತ್ತರದ ಹಾರ ಹೊಸೆಯುವವಳ ಸರದಿ ಬಂದಾಗ, ನಮ್ಮವರೇ ಅಲ್ವಾ, ನೋಡಿ ಮಾಡಿ ಹಾಕಿಕೊಳ್ಳಿ, ದೇವರ ಕೆಲಸ, ನಿಮಗೂ ಹೆಸರು ಬರುತ್ತೆ. ಆ ಹೆಸರನ್ನು ವೇದಿಕೆಯ ಮೇಲೆ ಹೇಳಲೂ ಮರೆಯುತ್ತಾರೆ! ಹಾರವೊಂದಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ಕೇಳಿದವರಿಲ್ಲ, ಹತ್ತಿಗೆ ಎಷ್ಟಾಯಿತೆಂದು ಕೇಳಿದವರುಂಟು. ಇವರ ಗಂಡಂದಿರೂ ಮಕ್ಕಳೂ ತಮ್ಮ ಕೆಲಸವನ್ನು ಎಷ್ಟೋ ಪ್ರೀತಿಸುತ್ತಾರೆ. ಆ ಪ್ರೀತಿಗಾಗಿ ಸಂಬಳದಲ್ಲಿ ಹತ್ತು ಡಾಲರ್ ಬಿಟ್ಟುಕೊಟ್ಟವರು ಒಬ್ಬರಿದ್ದರೆ ಈ ಪ್ರಬಂಧವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಿಂದೊಮ್ಮೆ ಅವಳು ಯಾರೂ ಕೇಳದಿದ್ದ ಒಂದು ಹಾರವನ್ನು ಮಾಡಿದ್ದಳು. ಗೆಜ್ಜೆಗಳು ಕತ್ತಿನ ಹತ್ತಿರ ಸಾಸಿವೆಯಷ್ಟು ಚಿಕ್ಕವಾಗಿ, ಕೆಳಗಿಳಿದಂತೆಲ್ಲ ಒಂದೊಂದು ಕೂದಲೆಳೆಯಷ್ಟು ದಪ್ಪವಾಗುತ್ತ, ಪದಕದ ಬಳಿ ನೆಲ್ಲಿಕಾಯಿಯ ಗಾತ್ರಕ್ಕೆ ಬರುವಂಥದು. ಎರಡು ಕಡೆಯ ಎಳೆಗಳನ್ನೂ ಎದುರುಬದುರು ಹಿಡಿದರೆ ಗೆಜ್ಜೆಗೆ ಗೆಜ್ಜೆ ಸರಿಹೋಗುತ್ತಿತ್ತು. ಈಗ ಅದನ್ನು ಮಾಡಲು ಹೇಳಿದರೆ, ಪುರುಸೊತ್ತಿಲ್ಲ ಮಾವ, ಮುತ್ತು ಪೋಣಿಸಿದ ತಾವರೆ ಮಾದರಿಯವೇ ಎಲ್ಲರಿಗೂ ಬೇಕು ಎನ್ನುತ್ತಾಳೆ. ಅವಳ ಅಜ್ಜಿಗೆ ಮಾದರಿಗಳೆಷ್ಟು ಗೊತ್ತಿದ್ದುವೋ. ಮೈಸೂರು ಸೀಮೆಯ ಆ ಮುದುಕಿ ಯಾವುದನ್ನೂ ಬರೆದಿಡಲಿಲ್ಲ, ಅವೆಲ್ಲ ಈಗ ಈ ಒಬ್ಬಳ ಬೆರಳುಗಳಲ್ಲಿ ಉಳಿದಿರುವಷ್ಟೇ. ತಾವರೆಯನ್ನು ಮಾಡಿ ಮಾಡಿ ಆ ಬೆರಳುಗಳು ಉಳಿದವನ್ನು ಮರೆತರೆ ಯಾರನ್ನು ಕೇಳೋಣ?

ಆದಕಾರಣ, ಉದ್ಯಮದ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲದಿದ್ದರೂ, ಮುದುಕನೆಂಬ ಸಲಿಗೆಯಿಂದ, ಈ ಕೆಳಗಿನ ನಿಬಂಧನೆಗಳನ್ನು ಪ್ರಕಟಿಸುತ್ತಿದ್ದೇನೆ. ವರಮಹಾಲಕ್ಷ್ಮಿಗೆ ಹಾರ ಬೇಕಾದವರು ಆಷಾಢದಲ್ಲಿಯೇ ತಿಳಿಸತಕ್ಕದ್ದು. ಅರ್ಧ ಹಣ ಮುಂಗಡ, ಉಳಿದರ್ಧ ಹಾರ ಕೈಗೆ ಬಂದಾಗ. ಇದರ ಮೇಲೆ ಮಿಶಿಗನ್ ಸರ್ಕಾರದ ನೂರಕ್ಕೆ ಆರರ ಮಾರಾಟ ತೆರಿಗೆ ಬೇರೆ. ಚೌಕಾಸಿ ಮಾಡುವವರಿಗೆ ಫೋನು ನಾನು ಎತ್ತುತ್ತೇನೆ, ಮತ್ತು ಮಮ್ಮಟನಿಂದ ಆರಂಭಿಸುತ್ತೇನೆ. ತಾವರೆಯ ಮಾದರಿಗೆ ಒಂದು ಬೆಲೆ. ಯಾವ ಮಾದರಿಯೆಂದು ಹೇಳದೆ ಅವಳಿಗೇ ಬಿಟ್ಟವರಿಗೆ ಅದರಲ್ಲಿ ಕಾಲುಭಾಗ ಕಡಿಮೆ.