ಅಥ ಗೃಹಲಕ್ಷಣ ಪ್ರಕರಣ

ಯಲ್ಲಾಪುರ ಸೀಮೆಯ ನಂದೊಳ್ಳಿ ಕಡೆಯ ಹಳೆಯ ಮನೆಗಳನ್ನು ಕಲ್ಲು, ಕಂಬ, ಅಂಕಣಗಳ ಲೆಕ್ಕ ಹಿಡಿದು ವಿಂಗಡಿಸುವ ವಿದ್ವಾಂಸರಿದ್ದಾರೆ. ಅದು ಪೂರ್ವಪಕ್ಷ. ಸಿದ್ಧಾಂತವೆಂದರೆ, ಇವು ಮನುಷ್ಯರ ಮನೆಗಳೇ ಅಲ್ಲ, ಅಡಿಕೆಯ ಮನೆಗಳು. ಮನುಷ್ಯರು ಒಂದು ಮೂಲೆಯಲ್ಲಿ ಬಿಡಾರ ಹೂಡಿದ್ದಾರೆ, ಅಷ್ಟೆ.

ಮೊದಲು ಗೋಡೆ. ಚಿರೆಕಲ್ಲು ನೆಲದೊಳಗಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. 1801ರಲ್ಲಿ ಯಲ್ಲಾಪುರ, ಸೋಂದೆಯ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಈ ಜಾತಿಯ ಕಲ್ಲಿಗೆ ಲ್ಯಾಟಿನ್ನಿನ ಇಟ್ಟಿಗೆಯ ಹೆಸರು ಹಚ್ಚಿ ಲ್ಯಾಟರೈಟ್ ಎಂದ. ಕಲ್ಲಿಗೆ ನಾಮಕರಣವಾಯಿತು. ಗೋಡೆಯ ಮಾತು ಮುಗಿಯಿತು.

ಮಾಡು ಮೂರು ವಿಧ: ಸೋಗೆಯದು, ಹಂಚಿನದು, ತಗಡಿನದು. ಸೋಗೆ ತೋಟದಿಂದಲೇ ಬರುವುದರಿಂದ ಅದು ಅಡಿಕೆ ತನ್ನ ಮನೆಗೆ ತಾನೇ ಹೊದಿಸಿಕೊಂಡ ಮಾಡು. ಸಿದ್ಧಾಂತಕ್ಕೆ ಇದೇ ಮೊದಲ ಸಾಕ್ಷಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎರಡನೆಯದಕ್ಕೆ ದಾರಿಯಾಯಿತು. ತಗಡಿಗೆ ಶಾಸ್ತ್ರಾಧಾರವಿಲ್ಲ. ಅದರ ಕೆಳಗೆ ಆಷಾಢದಲ್ಲಿ ಗಂಡ ಹೆಂಡತಿಗೆ ಜಗಳವಾಡಲೂ ಬರುವುದಿಲ್ಲ, ಒಬ್ಬರದು ಒಬ್ಬರಿಗೆ ಕೇಳಿಸಬೇಕಲ್ಲ.

ಅಂಗಳವೇ ಗರ್ಭಗುಡಿ. ಒಣಗಿ ಚಾಲಿಯಾಗಬೇಕಾದ ಹಣ್ಣಡಿಕೆಗೆ 40 ದಿನವಾದರೂ ಬಿಸಿಲು ಬೇಕು. ಹಾಗಾಗಿ ಮನೆಗೆ ಬರುವ ಬಿಸಿಲಿನಲ್ಲಿ ಮೊದಲ ಪಾಲು ಅದಕ್ಕೆ. ಉಳಿದದ್ದು ಹಪ್ಪಳಕ್ಕೆ, ಆಮೇಲೆ ಅಜ್ಜನ ಬೆನ್ನಿಗೆ. ಸಗಣಿ ಸಾರಿಸಿದ ನೆಲದ ಮೇಲೆ ಒಂದು ಬೆಳಗಿನ ಜಾವ ಅಡಿಕೆ ಹರವಿತ್ತು, ನಾನು ಜಗಲಿಯಲ್ಲಿ ಮಲಗಿದ್ದೆ. ಎರಡು ಹನಿ ಬಿತ್ತೋ ಇಲ್ಲವೋ, ದೊಡ್ಡಪ್ಪ ಕಂಬಳಿ ಎಳೆದರು: "ತಮಾ, ಏಳು, ಮಳೆ ಬತ್ತು, ಅಡಕೆ ಗೋರವು!" ಎದ್ದು ಗೋರಿ, ಬುಟ್ಟಿ ಬುಟ್ಟಿಯಾಗಿ ಜಗಲಿಗೆ ಸುರಿದೆವು. ನನ್ನ ಹಾಸಿಗೆ ಇದ್ದಲ್ಲಿ ಈಗ ಅಡಿಕೆ ಮಲಗಿತ್ತು. ಆ ಕಂಬಳಿಯೂ ಅದರ ಮೇಲೆಯೇ ಹೋಯಿತು. ಹನಿ ಮಾತ್ರ ಎರಡಕ್ಕೇ ನಿಂತಿತು.

ಇಂಗ್ಲೆಂಡಿನ ಡಾರ್ಟ್‌ಮೂರ್ ಸೀಮೆಯ ಹಳೆಯ ಗ್ರಾನೈಟ್ ಮನೆಗಳಲ್ಲಿ ಒಂದೇ ಮಾಡಿನ ಕೆಳಗೆ ಈಚೆ ಜನ, ಆಚೆ ದನ, ನಡುವೆ ಓಣಿ. ನಮ್ಮವರು ದನಕ್ಕೆ ಬೇರೆ ಕೊಟ್ಟಿಗೆ ಕಟ್ಟಿದರು, ಅಡಿಕೆಯನ್ನು ಮಾತ್ರ ಅಟ್ಟಕ್ಕೇರಿಸಿ ತಲೆಯ ಮೇಲೇ ಇಟ್ಟುಕೊಂಡರು. ದರ ಏರಲಿ ಎಂದು ಚೀಲಗಳು ಅಲ್ಲಿ ಕಾಯುತ್ತವೆ. ಕೆಳಗೆ ಮದುವೆಯ ಖರ್ಚು, ಮಗನ ಕಾಲೇಜು ಫೀಸು ಕಾಯುತ್ತವೆ.

ತಾರಸಿ ಮನೆ ಈ ವರ್ಗೀಕರಣದ ಹೊರಗೆ ಎಂದು ನಾನೂ ತಿಳಿದಿದ್ದೆ. ಕಳೆದ ವರ್ಷ ದಾಯಾದಿಯೊಬ್ಬರು ಹೊಸ ಮನೆಯ ನಕ್ಷೆ ತಂದು ಹರಡಿದರು: ಎರಡು ಬೆಡ್‌ರೂಮು, ಕಾರಿಗೆ ಪೋರ್ಟಿಕೋ. ದೊಡ್ಡಪ್ಪ ಕನ್ನಡಕ ಏರಿಸಿ ಪೂರ್ತಿ ನೋಡಿ ಕೇಳಿದ್ದು ಒಂದೇ: "ಅಡಕೆ ಎಲ್ಲಿ ಒಣಗ್ಸದು?"

ಈಗ ತಾರಸಿಯ ತುಂಬ ಅಡಿಕೆ ಇದೆ. ಕಾರು ಹಲಸಿನ ಮರದ ಕೆಳಗೆ ನಿಲ್ಲುತ್ತದೆ.