ಪೈಪಿನ ಪಂಚಾಯ್ತಿ

ಮಿನ್ನೆಸೋಟಾದ ಜನವರಿಯಲ್ಲಿ ಮೋಟರ್‌ಹೋಮ್ ಒಳಗೆ ಬೆಚ್ಚಗೆ ಮಲಗಲು ಬಚ್ಚಲೊಲೆ ಹೂಡುವಂತಿಲ್ಲ. ಡೀಸೆಲ್ ಬಾಯ್ಲರ್ ಇಡಬೇಕು. ಅದು ಗ್ಲೈಕಾಲ್ ಬೆರೆಸಿದ ನೀರನ್ನು ಕಾಯಿಸುತ್ತದೆ, ಪಂಪು ಅದನ್ನು ಗಾಡಿಯೆಲ್ಲ ಸುತ್ತಿಸುತ್ತದೆ. ಬಾಯ್ಲರ್‌ಗೆ ಕಣ್ಣು ಮುಚ್ಚಿ ದುಡ್ಡು ಸುರಿಯುವ ಪುಣ್ಯಾತ್ಮರು ಪೈಪಿನ ಹೊತ್ತಿಗೆ ಮಾತ್ರ ಅಡಿ ಲೆಕ್ಕದಲ್ಲಿ ಚೌಕಾಸಿಗೆ ಕೂರುತ್ತಾರೆ.

ನೀಲಿ ಸಿಲಿಕೋನ್ ಪೈಪು ನೋಡಲು ಮದುಮಗನ ಹಾಗೆ. ಬಿಸಿಗೆ ಜಗ್ಗುವುದಿಲ್ಲ, ಆದರೆ ಮೈ ಬಲು ಮೆದು. ಸೀಳುಗಳಿರುವ ಮಾಮೂಲಿ ಕ್ಲ್ಯಾಂಪು ಬಿಗಿದರೆ ಆ ಸೀಳಿನೊಳಗೇ ಉಬ್ಬಿ ಕತ್ತರಿಸಿಕೊಳ್ಳುತ್ತದೆ. ಒಳಪಟ್ಟಿಯ ಕ್ಲ್ಯಾಂಪೇ ಆಗಬೇಕು. ಸಾಲದ್ದಕ್ಕೆ ನೀರಾವಿ ಅದರ ಗೋಡೆಯಿಂದಲೇ ಮೆಲ್ಲಗೆ ಪರಾರಿ. ಎಲ್ಲೂ ತೊಟ್ಟಿಕ್ಕಿಲ್ಲ, ಟ್ಯಾಂಕಿನ ನೀರು ಮಾತ್ರ ಇಳಿದಿರುತ್ತದೆ! ಕಪ್ಪು ಇಪಿಡಿಎಂ ರಬ್ಬರು ರೂಪಕ್ಕೆ ಸುಮಾರು, ಬಾಳಿಕೆಗೆ ಗಟ್ಟಿ. ಎಂಜಿನ್ ಎಣ್ಣೆ ತಾಗಿದರಷ್ಟೇ ಊದಿಕೊಳ್ಳುತ್ತದೆ. ನನ್ನ ಓಟು ಅದಕ್ಕೇ.

ಜೋಡಣೆಗೆ ಹಿತ್ತಾಳೆ ಇರಲಿ. ಅಗ್ಗವೆಂದು ಸತು ಬಳಿದ ಕಬ್ಬಿಣ ತಂದಿರೋ, ಗ್ಲೈಕಾಲ್ ಜೊತೆ ಜಗಳಕ್ಕಿಳಿದು ಕೆಸರು ಕಾರುತ್ತದೆ. ಚಳಿಗೆ ರಬ್ಬರು ಕುಗ್ಗಿದಾಗ ತಾನೂ ಬಿಗಿಯಾಗುವ ಸ್ಪ್ರಿಂಗ್ ಕ್ಲ್ಯಾಂಪಿಗೆ ದುಡ್ಡು ಜಾಸ್ತಿ, ಹೌದು. ಆದರೆ ಮಂಚದಡಿ ನುಸುಳಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಸ್ಕ್ರೂಡ್ರೈವರ್ ತೂರಿಸುವ ಯೋಗಾಸನ ತಪ್ಪುತ್ತದಲ್ಲ!

ಇನ್ನು ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ. ಪೈಪು ಎಲ್ಲಿ ಡುಬ್ಬದಂತೆ ಎದ್ದಿದೆಯೋ ಅಲ್ಲಿ ಠಿಕಾಣಿ ಹೂಡುತ್ತದೆ. ಆ ಎತ್ತರದಲ್ಲೊಂದು ಗಾಳಿ ಬಿಡುವ ತಿರುಪು ಇಡದವರ ಮನೆಯಲ್ಲಿ ಕಕ್ಕಸು ಬಿಸಿಬಿಸಿ, ಹಾಸಿಗೆ ತಣ್ಣಗೆ. ರಾತ್ರಿಯಿಡೀ ಗುಳುಗುಳು ಸಂಗೀತ ಪುಕ್ಕಟೆ.